‘ರನ್’ ಎಂದರೆ ಓಡುವುದು ಮಾತ್ರವೇ?

‘ರನ್’ ಎಂದರೆ ‘ಓಡು’ ಎಂದಷ್ಟೇ ಬಾಯಿಪಾಠ ಮಾಡಿದ್ದೀರಾ? ಹಾಗಿದ್ದರೆ ‘ಹೀ ರನ್ಸ್ ಎ ಹೋಟೆಲ್’ ಎಂಬುದನ್ನು ಅನುವಾದಿಸುವಾಗ ಅಂಕ ಕೈತಪ್ಪೀತು. ಅಲ್ಲಿ ಆತ ಓಡುವುದಿಲ್ಲ, ಹೋಟೆಲು ನಡೆಸುತ್ತಾನೆ. ಕರ್ತೃ ಯಾರು, ಮುಂದೆ ಕರ್ಮಪದವಿದೆಯೇ ಎಂದು ಮೊದಲು ನೋಡಿ. ನದಿ ‘ರನ್’ ಆದರೆ ಹರಿಯುತ್ತದೆ, ಮೂಗಾದರೆ ಸೋರುತ್ತದೆ. ಚುನಾವಣೆಗೆ ಅಮೆರಿಕದವರು ‘ರನ್’ ಮಾಡುತ್ತಾರೆ. ಬ್ರಿಟನ್ನಿನವರು ನಮ್ಮಂತೆಯೇ ನಿಲ್ಲುತ್ತಾರೆ!

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ‘ಸೆಟ್’ ಪದದ್ದಾಗಿತ್ತು. 2011ರ ಹೊತ್ತಿಗೆ ‘ರನ್’ ಅದನ್ನು ಹಿಂದಿಕ್ಕಿತು: ಕ್ರಿಯಾಪದವಾಗಿಯೇ 645 ಅರ್ಥಗಳು. ಗಾಬರಿ ಬೇಡ. ನಮ್ಮ ‘ಓಡು’ ಏನು ಕಡಿಮೆಯೇ? ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ತಲೆ ಓಡುವುದಿಲ್ಲ.