ಚಳಿಗೆ ಮೊಂಡು ಹಿಡಿಯುವ ಟ್ರ್ಯಾಕ್ಟರು

ಪುಷ್ಯದ ಚಳಿಯಲ್ಲಿ ಟ್ರ್ಯಾಕ್ಟರು ಕುಂಟುತ್ತಾ ಸ್ಟಾರ್ಟ್ ಆದರೆ ಸಂತೆಯ ಮಾಲು ಮನೆಯಲ್ಲೇ ಉಳಿದೀತು. ಡೀಸೆಲ್ ಇಂಜಿನ್ನಿಗೆ ಕಿಡಿಯಿಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ತಣ್ಣನೆಯ ಕಬ್ಬಿಣ ಆ ಕಾವನ್ನು ಹೀರುತ್ತದೆ.

ಮೊದಲು ಹೊಗೆ ನೋಡಿ. ಹೊಗೆಯೇ ಬಾರದಿದ್ದರೆ ಡೀಸೆಲ್ ತಲುಪಿಲ್ಲ ಅಂತ ತಿಳಿಯಿರಿ. ಟ್ಯಾಂಕು, ಫಿಲ್ಟರು ನೋಡಿ. ಫಿಲ್ಟರಿನ ಗಾಳಿ ಬಿಡುವ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ.

ಬಿಳಿ ಹೊಗೆ ಬಂದರೆ ಡೀಸೆಲ್ ಬಂದಿದೆ, ಸರಿಯಾಗಿ ಉರಿದಿಲ್ಲ. ಇಂಜಿನ್ನು ನಿಧಾನವಾಗಿ ತಿರುಗುತ್ತಿದ್ದರೆ ಬ್ಯಾಟರಿ ನೋಡಿ. ಚೆನ್ನಾಗಿ ತಿರುಗಿಯೂ ಕುಂಟಿ, ಬಿಸಿಯಾದ ಮೇಲೆ ಸರಿಹೋದರೆ ನಾಜಲ್ಲು ಇಲ್ಲವೇ ಕಂಪ್ರೆಷನ್ ಕೆಟ್ಟಿರಬಹುದು, ಮೆಕ್ಯಾನಿಕ್ಕಿಗೆ ತೋರಿಸಿ.

ನಾಜಲ್ಲಿನಿಂದ ಚಿಮ್ಮುವ ಡೀಸೆಲ್‌ಗೆ ಮಾತ್ರ ಕೈ ಒಡ್ಡಬೇಡಿ. ಚರ್ಮ ತೂರಿ ಒಳಹೊಕ್ಕೀತು. ಗಾಳಿ ಎಳೆಯುವ ಕೊಳವೆಗೆ ಬೆಂಕಿ ಹಿಡಿಯಲೂಬೇಡಿ.