ಟ್ರ್ಯಾಕ್ಟರಿಗೆ ತಕ್ಕ ಟ್ರೇಲರು

ಹುನಗುಂದ, ಬಾದಾಮಿ, ಬಾಗಲಕೋಟೆ ಭಾಗಗಳಲ್ಲಿ ಚಕ್ಕಡಿಯ ಕೆಲಸವನ್ನು ಈಗ ಬಹುಮಟ್ಟಿಗೆ ಟ್ರ್ಯಾಕ್ಟರು ವಹಿಸಿಕೊಂಡಿರುವದು ಓದುಗರಿಗೆ ತಿಳಿದ ಸಂಗತಿಯೇ. ಆದರೆ ಎತ್ತುಗಳನ್ನು ಕೊಳ್ಳುವಾಗ ಅವುಗಳ ಕಸುವಿಗೆ ತಕ್ಕ ಚಕ್ಕಡಿಯನ್ನು ನೋಡುತ್ತಿದ್ದ ಒಕ್ಕಲಿಗನು, ಟ್ರೇಲರು ಕೊಳ್ಳುವಾಗ ಮಾತ್ರ ಅಷ್ಟು ವಿಚಾರ ಮಾಡುವದಿಲ್ಲ. “ನನ್ನ ಟ್ರ್ಯಾಕ್ಟರು ಇದನ್ನು ಎಳೆದೀತೇ?” ಎಂದಷ್ಟೇ ಕೇಳುವನು. ಎಳೆದು ತೋರಿಸಿದರೆ ಸಮಾಧಾನಪಡುವನು. ಕೇಳತಕ್ಕ ಪ್ರಶ್ನೆಯು ಬೇರೆಯೇ ಇದೆ: “ಇದನ್ನು ನಿಲ್ಲಿಸೀತೇ?”

ಡಾಂಬರು ಹಾಕಿದ ಮಟ್ಟಸವಾದ ರಸ್ತೆಯಲ್ಲಿ ಗಾಲಿಯ ಮೇಲಿನ ಭಾರವನ್ನು ಉರುಳಿಸಲು ಬೇಕಾಗುವ ಬಲವು ಬಹಳ ಸ್ವಲ್ಪ; ಸುಮಾರು ನೂರು ಕಿಲೋ ಹೇರಿಗೆ ಎರಡು ಕಿಲೋದಷ್ಟು. ಆದಕಾರಣ ಕಮತಗಿಯಿಂದ ಹುನಗುಂದದ ದಾರಿಯಲ್ಲಿ ಸಾಧಾರಣ ಟ್ರ್ಯಾಕ್ಟರೊಂದು ಎರಡು ಟ್ರೇಲರುಗಳನ್ನು ಜೋಡಿಸಿಕೊಂಡು ಹೊರಟರೂ ಅದಕ್ಕೆ ಕಷ್ಟವೆನಿಸದು. ಈ ಸುಲಭತೆಯೇ ಜನರನ್ನು ಮೋಸಗೊಳಿಸುವದು.

ಒಂದು ಲೆಕ್ಕವನ್ನು ನೋಡೋಣ. ಟ್ರ್ಯಾಕ್ಟರಿನ ತೂಕ 2,000 ಕಿಲೋ ಎಂದಿಟ್ಟುಕೊಳ್ಳಿರಿ. ಇದರಲ್ಲಿ ಹಿಂದಿನ ಗಾಲಿಗಳ ಮೇಲೆ 1,300 ಕಿಲೋ ಬೀಳುವದು. ನಮ್ಮಲ್ಲಿಯ ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಬ್ರೇಕುಗಳು ಹಿಂದಿನ ಗಾಲಿಗಳಿಗೆ ಮಾತ್ರ ಇರುತ್ತವೆ. ಒಣ ಡಾಂಬರಿನ ಮೇಲೆ ಆ ಗಾಲಿಗಳು ಸುಮಾರು 900 ಕಿಲೋದಷ್ಟು ತಡೆಬಲವನ್ನು ಕೊಡಬಲ್ಲವು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬರಿಯ ಟ್ರ್ಯಾಕ್ಟರು ಬ್ರೇಕು ಒತ್ತಿದ ಮೇಲೆ ಮೂರೂವರೆ ಮೀಟರಿನಲ್ಲಿ ನಿಲ್ಲುವದು. ಹಿಂದೆ 6,000 ಕಿಲೋದ, ಬ್ರೇಕಿಲ್ಲದ ಟ್ರೇಲರಿದ್ದರೆ 14 ಮೀಟರು ಬೇಕು. ಅಂಥವೇ ಎರಡಿದ್ದರೆ ಸುಮಾರು 25 ಮೀಟರು. ಚಾಲಕನು ಎಚ್ಚತ್ತು ಕಾಲಿಡುವ ಹೊತ್ತಿನಲ್ಲಿ ಸಾಗುವ ದೂರವು ಇದರಲ್ಲಿ ಸೇರಿಲ್ಲ.

ಇನ್ನು ಇಳುಕಲಿನ ಮಾತು. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ ಈ 14,000 ಕಿಲೋ ಒಟ್ಟು ಭಾರವು ತಾನಾಗಿಯೇ 700 ಕಿಲೋ ಬಲದಿಂದ ಮುಂದಕ್ಕೆ ದಬ್ಬುವದು. 900ರಲ್ಲಿ 700 ಇದಕ್ಕೇ ಸವೆದುಹೋದರೆ ಉಳಿದ 200ರಿಂದ ಗಾಡಿ ನಿಲ್ಲಲು 110 ಮೀಟರು ಹಿಡಿಯುವದು. ಮಳೆಯಾಗಿ, ಹೊಲಗಳಿಂದ ಬಂದ ಕರೇ ಮಣ್ಣು ರಸ್ತೆಗೆ ಮೆತ್ತಿಕೊಂಡಿದ್ದರೆ ಗಾಲಿಯ ಹಿಡಿತವು ಅರ್ಧಕ್ಕಿಳಿಯುವದು. ಆಗ ಅದು ನಿಲ್ಲುವದೇ ಇಲ್ಲ. ಟ್ರೇಲರು ಟ್ರ್ಯಾಕ್ಟರನ್ನು ದೂಡಿ ಅಡ್ಡ ತಿರುಗಿಸುವದು. ಅಶ್ವಶಕ್ತಿ ಹೆಚ್ಚಿದ್ದರೂ ಇಲ್ಲಿ ಪ್ರಯೋಜನವಿಲ್ಲ.

ಹೊರದೇಶದ ಟ್ರ್ಯಾಕ್ಟರು ತಯಾರಕರ ಕೈಪಿಡಿಗಳಲ್ಲಿ, ಬ್ರೇಕಿಲ್ಲದ ಟ್ರೇಲರಿನ ತುಂಬಿದ ತೂಕವು ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟನ್ನು ಮೀರಬಾರದೆಂಬ ಎಚ್ಚರಿಕೆಯು ಸಾಮಾನ್ಯವಾಗಿರುವದು. ಮೇಲಿನ ಟ್ರ್ಯಾಕ್ಟರಿಗೆ ಇದು 3,000 ಕಿಲೋ ಆಯಿತು. ಕಬ್ಬು ಸಾಗಿಸುವವರಿಗೆ ಈ ಅಂಕಿಯು ನಗೆ ತರಿಸಬಹುದು. ಹೆಚ್ಚು ಹೇರಬೇಕಾದವರು ಟ್ರೇಲರಿಗೇ ಬ್ರೇಕು ಇರುವದನ್ನು ನೋಡಿ ಕೊಳ್ಳತಕ್ಕದ್ದು. ಬೆಲೆ ಹೆಚ್ಚಾದರೂ ಅದು ದುಂದಲ್ಲ.

ಹೇರನ್ನು ಇಡುವ ರೀತಿಯೂ ಮುಖ್ಯವಾದದ್ದು. ಚಕ್ಕಡಿ ಹೂಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾದದ್ದಿಲ್ಲ: ಮುಂಭಾರವಾದರೆ ನೊಗವು ಎತ್ತಿನ ಹೆಗಲನ್ನು ತಿನ್ನುವದು, ಹಿಂಭಾರವಾದರೆ ನೊಗ ಮೇಲಕ್ಕೆದ್ದು ಜತ್ತಿಗೆಯು ಕೊರಳನ್ನು ಬಿಗಿಯುವದು. ಎರಡು ಗಾಲಿಯ ಟ್ರೇಲರಿನಲ್ಲಿಯೂ ಹೀಗೆಯೇ. ಮುಂಭಾರವು ಅತಿಯಾದರೆ ಕೊಂಡಿಯು ಕೆಳಗೆ ಜಗ್ಗಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಹಗುರಾಗುವವು. ಸ್ಟಿಯರಿಂಗು ತಿರುಗಿಸಿದರೂ ಗಾಡಿ ತಿರುಗದು. ಟ್ರ್ಯಾಕ್ಟರಿನ ತೂಕದ ಐದರಲ್ಲೊಂದು ಪಾಲಾದರೂ ಮುಂದಿನ ಗಾಲಿಗಳ ಮೇಲೆ ಉಳಿಯಬೇಕು. ನಾಲ್ಕು ಗಾಲಿಯ ಟ್ರೇಲರು ಕೊಂಡಿಯ ಮೇಲೆ ಭಾರ ಹಾಕುವದಿಲ್ಲವಾದರೂ ಹಿಂದಿನಿಂದ ದಬ್ಬುವದರಲ್ಲಿ ಕಡಿಮೆಯೇನಲ್ಲ. ಕೊಂಡಿಯನ್ನು ತಯಾರಕರು ಇಟ್ಟ ಎತ್ತರದಲ್ಲಿಯೇ ಇಡತಕ್ಕದ್ದು. ಹುಗಿದ ಗಾಲಿಯನ್ನು ಎಬ್ಬಿಸುವ ಆತುರದಲ್ಲಿ ಅದಕ್ಕಿಂತ ಮೇಲೆ ಸರಪಳಿ ಕಟ್ಟಿ ಎಳೆದರೆ ಟ್ರ್ಯಾಕ್ಟರು ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆ ಬೀಳುವ ಭಯವಿದೆ.

ತೂಕವನ್ನು ಊಹೆಯಿಂದ ಹೇಳುವ ರೂಢಿಯನ್ನು ಬಿಡಬೇಕು. ಸಕ್ಕರೆ ಕಾರಖಾನೆಯಲ್ಲಿ ತುಂಬಿದ ಗಾಡಿಯನ್ನೂ ಬರಿದಾದ ಗಾಡಿಯನ್ನೂ ತೂಗುತ್ತಾರೆ. ಆ ಚೀಟಿಯನ್ನು ಹಣದ ಲೆಕ್ಕಕ್ಕಷ್ಟೇ ನೋಡಿ ಎಸೆಯದೆ, ಟ್ರ್ಯಾಕ್ಟರು ಮತ್ತು ಟ್ರೇಲರುಗಳ ನೋಂದಣಿ ಪತ್ರಗಳಲ್ಲಿ ಬರೆದ ತೂಕಗಳೊಡನೆ ಹೋಲಿಸಿರಿ. 1988ರ ಮೋಟಾರು ವಾಹನಗಳ ಕಾಯದೆಯ 113ನೆಯ ಕಲಮಿನ ಮೇರೆಗೆ ನೋಂದಣಿ ಪತ್ರದಲ್ಲಿಯ ತೂಕವನ್ನು ಮೀರಿ ಹೇರುವದು ಅಪರಾಧ. 2019ರ ತಿದ್ದುಪಡಿಯಿಂದ ದಂಡವು 20,000 ರೂಪಾಯಿ ಆಗಿದ್ದು, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ಮೇಲೆ ಕೂಡುವದು.

ಬನಶಂಕರಿಯ ಜಾತ್ರೆಗೋ ಮದುವೆಗೋ ಇದೇ ಟ್ರೇಲರಿನಲ್ಲಿ ಹೆಂಗಸರು ಮಕ್ಕಳನ್ನು ಕೂಡ್ರಿಸಿಕೊಂಡು ಹೋಗುವದನ್ನು ಊರಿನ ಹಿರಿಯರು ಸುಮ್ಮನೆ ನೋಡಬಾರದು. ಕಬ್ಬಿನ ಹೇರಾದರೆ ಹಗ್ಗದಿಂದ ಬಿಗಿದಿರುವದು. ಜನರು ತಿರುವಿನಲ್ಲಿ ಒಂದೇ ಬದಿಗೆ ವಾಲುವರು.

ಇಳುಕಲಿಗೆ ಬರುವ ಮುಂಚೆಯೇ ಕೆಳಗಿನ ಗೇರಿಗೆ ಇಳಿಸಿಕೊಳ್ಳತಕ್ಕದ್ದು. ನಡುವೆ ಗೇರು ಬದಲಿಸಲಾಗದು. ಎಂಜಿನನ್ನು ಗೇರಿನಿಂದ ಬಿಡಿಸಿ ಎಣ್ಣೆ ಉಳಿಸುವ ಚಟವನ್ನು ಆಳುಗಳಿಗೆ ಬಿಡಿಸಬೇಕು. ರಸ್ತೆಯಲ್ಲಿ ಹೋಗುವಾಗ ಎಡಬಲದ ಬ್ರೇಕು ಪೆಡಲುಗಳೆರಡನ್ನೂ ಚಿಲಕದಿಂದ ಕೂಡಿಸಿರಬೇಕು. ಕೊಂಡಿಯ ಪಿನ್ನು ಸವೆದಿದ್ದರೆ ಬದಲಿಸಿ, ಅದರ ಜೊತೆಗೆ ಒಂದು ಗಟ್ಟಿ ಸರಪಳಿಯನ್ನೂ ಟ್ರೇಲರಿನ ಹಿಂಬದಿಗೆ ರಾತ್ರಿ ಹೊಳೆಯುವ ಕೆಂಪು ಪಟ್ಟಿಯನ್ನೂ ಹಾಕಿಸಿರಿ.