ಐಟಿಐ ಮೇಷ್ಟ್ರ ತಾಲೀಮು

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐಟಿಐಗಳಲ್ಲಿ, ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮುಂತಾದ ಕಸುಬು ಕಲಿಸುವವರಿಗೆ ಕಲಿಸಲೆಂದೇ ದೇಶದಲ್ಲಿ ಒಂದು ವ್ಯವಸ್ಥೆಯಿದೆ. ಕುಶಲಕರ್ಮಿ ಬೋಧಕರ ತರಬೇತಿ ಯೋಜನೆ ಎಂದು ಅದರ ಹೆಸರು; ಬಳಕೆಯಲ್ಲಿ ಎಲ್ಲರೂ ಸಿಐಟಿಎಸ್ ಎನ್ನುತ್ತಾರೆ. ಐಟಿಐಗಳನ್ನು ನಡೆಸುವ ಕುಶಲಕರ್ಮಿ ತರಬೇತಿ ಯೋಜನೆ ಬಂದದ್ದು 1950ರಲ್ಲಿ. ಬೋಧಕರನ್ನು ತಯಾರು ಮಾಡುವ ಮೊದಲ ಸಂಸ್ಥೆ ಅದಕ್ಕೂ ಮುಂಚೆ, 1948ರಲ್ಲೇ ಶುರುವಾಗಿತ್ತು. 1960ರ ದಶಕದಲ್ಲಿ ಲೂಧಿಯಾನ, ಕಾನ್ಪುರ, ಹೌರಾ, ಮುಂಬೈ, ಚೆನ್ನೈ, ಹೈದರಾಬಾದುಗಳಲ್ಲಿ ಇನ್ನೂ ಆರು ಸಂಸ್ಥೆಗಳು ಸೇರಿಕೊಂಡವು. ಈಗ ಇವನ್ನು ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ, ಅಂದರೆ ಎನ್‌ಎಸ್‌ಟಿಐ ಎಂದು ಕರೆಯುತ್ತಾರೆ. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ಇವುಗಳ ಉಸ್ತುವಾರಿ ನೋಡಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಇಂಥವು ಎರಡಿವೆ. ತುಮಕೂರು ರಸ್ತೆಯದು 1971ರಲ್ಲಿ, ಆಗಿನ ಪಶ್ಚಿಮ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸಹಕಾರದಿಂದ, ಫೋರ್‌ಮನ್ ತರಬೇತಿ ಸಂಸ್ಥೆಯಾಗಿ ಹುಟ್ಟಿತು. ಕಾರ್ಖಾನೆಗಳಿಗೆ ಮೇಲ್ವಿಚಾರಕರನ್ನು ಒದಗಿಸುವುದು ಅದರ ಮೂಲ ಕೆಲಸ. ಹಳಬರ ಬಾಯಲ್ಲಿ ಅದು ಇನ್ನೂ ಎಫ್‌ಟಿಐ. ಹೊಸೂರು ರಸ್ತೆಯದು ಮಹಿಳೆಯರದು. 1970ರ ದಶಕದಲ್ಲಿ ಸ್ವೀಡನ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನೆರವಿನಿಂದ ನಡೆದ ಮಹಿಳಾ ವೃತ್ತಿ ತರಬೇತಿ ಕಾರ್ಯಕ್ರಮದ ಫಲವಾಗಿ ಬಂದದ್ದು.

ಬೋಧಕರಾಗುವವರಿಗೆ ಎಂಜಿನಿಯರಿಂಗ್ ಪದವಿಯಿದ್ದರೆ ಒಂದು ವರ್ಷ, ಡಿಪ್ಲೊಮಾ ಇದ್ದರೆ ಎರಡು ವರ್ಷ, ಐಟಿಐ ಅಥವಾ ಅಪ್ರೆಂಟಿಸ್ ಪ್ರಮಾಣಪತ್ರವಿದ್ದರೆ ಮೂರು ವರ್ಷ ಆ ಕಸುಬಿನಲ್ಲಿ ದುಡಿದ ಅನುಭವ ಬೇಕು. ಪಠ್ಯಕ್ರಮದ ಪುಸ್ತಕದಲ್ಲಿ ಇನ್ನೊಂದು ನಿಯಮವೂ ಇದೆ. ಎರಡು ಯೂನಿಟ್‌ಗಳಿಗೆ, ಅಂದರೆ ಕಲಿಯುವವರ ಎರಡು ತಂಡಗಳಿಗೆ, ಇಬ್ಬರು ಬೋಧಕರಿರುವಲ್ಲಿ ಒಬ್ಬರು ಪದವಿ ಅಥವಾ ಡಿಪ್ಲೊಮಾದವರಾಗಿರಬೇಕು, ಇನ್ನೊಬ್ಬರು ಐಟಿಐಯಿಂದಲೇ ಬಂದವರಾಗಿರಬೇಕು. ಇಬ್ಬರ ಬಳಿಯೂ ಬೋಧಕ ಪ್ರಮಾಣಪತ್ರ ಇರಬೇಕು. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ವಿವೇಕದ ನಿಯಮ ಇನ್ನೊಂದಿಲ್ಲ. ಡಿಪ್ಲೊಮಾ ಓದಿದವರಿಗೆ ಲೆಕ್ಕ, ನಕ್ಷೆ, ಲೋಹದ ಗುಣ ಗೊತ್ತು. ಐಟಿಐಯವರಿಗೆ ಲೇತ್‌ನ ಸದ್ದು ಕೇಳಿದರೇ ಟೂಲ್ ಮೊಂಡಾಗಿದೆಯೆಂದು ತಿಳಿಯುತ್ತದೆ. ಹುಡುಗರಿಗೆ ಇಬ್ಬರೂ ಬೇಕು.

ಆದರೆ ಈ ಇಬ್ಬರಲ್ಲಿ ಯಾರಿಗೂ ಕಲಿಸಲು ತಾನಾಗಿಯೇ ಬರುವುದಿಲ್ಲ. ಒಂದು ವರ್ಷದ ಸಿಐಟಿಎಸ್ ಇರುವುದು ಅದಕ್ಕಾಗಿ. ವರ್ಷದ ಒಂದು ಪಾಲು ಸ್ವಂತ ಕಸುಬನ್ನು ಗಟ್ಟಿ ಮಾಡಿಕೊಳ್ಳುವುದಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಕಲಿಸುವ ವಿಧಾನಕ್ಕೆ: ಲೆಸನ್ ಪ್ಲಾನ್ ಬರೆಯುವುದು, ಡೆಮೊ ಕೊಡುವುದು, ಜಾಬ್ ಶೀಟ್ ತಯಾರಿಸುವುದು, ಪ್ರಶ್ನೆಪತ್ರಿಕೆ ಮಾಡುವುದು, ವರ್ಕ್‌ಶಾಪಿನಲ್ಲಿ ಯಂತ್ರಗಳನ್ನು ಹೇಗೆ ಕೂರಿಸಬೇಕು, ಸಾಮಗ್ರಿಯ ಲೆಕ್ಕ ಹೇಗಿಡಬೇಕು ಎಂಬುದೆಲ್ಲ ಇದರಲ್ಲಿ ಬರುತ್ತದೆ.

ಲೆಸನ್ ಪ್ಲಾನಿಗೆ ನಾಲ್ಕು ಮೆಟ್ಟಿಲು: ಕಲಿಯುವವರ ಮನಸ್ಸನ್ನು ಅಣಿಗೊಳಿಸುವುದು, ವಿಷಯ ತೋರಿಸುವುದು, ಅವರ ಕೈಯಿಂದ ಮಾಡಿಸುವುದು, ಬಂದಿದೆಯೇ ಎಂದು ಪರೀಕ್ಷಿಸುವುದು. ಅಮೆರಿಕದ ಚಾರ್ಲ್ಸ್ ಅಲೆನ್ ಮೊದಲ ಮಹಾಯುದ್ಧದ ಕಾಲದಲ್ಲಿ ಹಡಗುಕಟ್ಟೆಯ ಕೆಲಸಗಾರರನ್ನು ಬೇಗ ತಯಾರು ಮಾಡಲು ಈ ಕ್ರಮವನ್ನು ಬಳಸಿದರು. 1919ರಲ್ಲಿ ಅದನ್ನು ಪುಸ್ತಕವಾಗಿಯೂ ಬರೆದರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಕಾರ್ಖಾನೆಗಳಿಗಾಗಿ ಅದನ್ನೇ ಇನ್ನಷ್ಟು ಬಿಗಿಗೊಳಿಸಲಾಯಿತು. ನೂರು ವರ್ಷ ಹಳೆಯದಾದರೂ ಕೈಕೆಲಸ ಕಲಿಸುವುದಕ್ಕೆ ಇದಕ್ಕಿಂತ ಸರಳವಾದ ಚೌಕಟ್ಟು ಸಿಕ್ಕಿಲ್ಲ.

ಚೌಕಟ್ಟು ಸರಳ, ತುಂಬುವುದು ಕಷ್ಟ. ಫಿಟ್ಟರ್ ಟ್ರೇಡಿನ ಆರಂಭದ ಪಾಠವಾದ ಫೈಲಿಂಗನ್ನೇ ತೆಗೆದುಕೊಳ್ಳಬಹುದು. ಹತ್ತು ವರ್ಷ ಕೆಲಸ ಮಾಡಿದವರು ಕಬ್ಬಿಣದ ತುಂಡನ್ನು ವೈಸಿನಲ್ಲಿ ಬಿಗಿದು, ಸರಸರನೆ ಉಜ್ಜಿ, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ತೋರಿಸುತ್ತಾರೆ. ಬೆಳಕು ನುಸುಳುವುದಿಲ್ಲ, ಮೇಲ್ಮೈ ಮಟ್ಟಸವಾಗಿದೆ. ಸುತ್ತ ನಿಂತ ಹುಡುಗರು ಹಾಗೆಯೇ ಮಾಡಿದರೆ ತುಂಡಿನ ನಡು ಉಬ್ಬಿ ಎರಡೂ ಅಂಚು ಇಳಿದಿರುತ್ತದೆ. ಕಾರಣ, ಮೇಷ್ಟ್ರ ಕೈ ಮಾಡಿದ ಅರ್ಧ ಕೆಲಸವನ್ನು ಬಾಯಿ ಹೇಳಿರುವುದಿಲ್ಲ. ವೈಸಿನ ಮೇಲ್ಭಾಗ ಮೊಣಕೈ ಮಟ್ಟಕ್ಕಿರಬೇಕು, ಎಡಗಾಲು ಮುಂದಿರಬೇಕು. ಫೈಲನ್ನು ತಳ್ಳುವಾಗ ಮಾತ್ರ ಒತ್ತಡ, ಹಿಂದಕ್ಕೆ ಎಳೆಯುವಾಗ ಇಲ್ಲ. ತಳ್ಳುತ್ತ ಹೋದಂತೆ ಎಡಗೈಯ ಒತ್ತಡ ಇಳಿದು ಬಲಗೈಯದು ಏರಬೇಕು. ಫೈಲ್ ತೂಗಾಡಿ ಅಂಚು ಇಳಿಯುವುದು ಇದು ತಪ್ಪಿದಾಗಲೇ. ಹಲ್ಲುಗಳಲ್ಲಿ ಲೋಹದ ಚೂರು ಕಚ್ಚಿಕೊಳ್ಳದಂತೆ ಸೀಮೆಸುಣ್ಣ ಸವರಬೇಕು. ಇವೆಲ್ಲ ಅನುಭವಿಗೆ ಮೈಗೂಡಿ ಮರೆತೇ ಹೋದ ಸಂಗತಿಗಳು. ಮರೆತದ್ದನ್ನು ಮತ್ತೆ ನೆನಪಿಗೆ ತಂದು, ಒಂದೊಂದಾಗಿ ಬಿಡಿಸಿ ಬರೆಯುವ ಅಭ್ಯಾಸವೇ ಸಿಐಟಿಎಸ್‌ನ ತಿರುಳು.

ಡೆಮೊಗೂ ಅದರದೇ ಶಿಸ್ತಿದೆ. ಮೊದಲ ಸಲ ಎಂದಿನ ವೇಗದಲ್ಲಿ, ಎರಡನೇ ಸಲ ನಿಧಾನವಾಗಿ ಮಾತಿನ ಸಮೇತ, ಮೂರನೇ ಸಲ ಹುಡುಗನೊಬ್ಬನಿಂದ ಮಾಡಿಸಿ ಉಳಿದವರಿಂದ ಹೇಳಿಸುವುದು ಒಳ್ಳೆಯ ಪದ್ಧತಿ. ಹಿಂದೆ ನಿಂತವರಿಗೂ ಕೈ ಕಾಣಬೇಕು. ವೆಲ್ಡಿಂಗ್ ಆದರೆ ಎಲ್ಲರ ಮುಖಕ್ಕೂ ಶೀಲ್ಡ್ ಬಂದ ಮೇಲೆಯೇ ಆರ್ಕ್ ಹೊಡೆಯಬೇಕು. ಲೇತ್‌ನ ಚಕ್‌ನಲ್ಲಿ ಕೀ ಬಿಟ್ಟು ಸ್ವಿಚ್ ಒತ್ತಿದರೆ ಅದು ಗುಂಡಿನಂತೆ ಚಿಮ್ಮುತ್ತದೆ. ಚಕ್‌ನಿಂದ ಕೀ ತೆಗೆಯದೆ ಕೈ ತೆಗೆಯಬಾರದೆಂಬುದು ಮೊದಲ ದಿನದ ಪಾಠ. ಅದನ್ನು ಹೇಳಿಕೊಟ್ಟ ಮೇಷ್ಟ್ರೇ ಅವಸರದಲ್ಲಿ ಮರೆತರೆ ಹುಡುಗರು ಕಲಿಯುವುದು ಹೇಳಿದ್ದನ್ನಲ್ಲ, ಕಂಡದ್ದನ್ನು.

ಜರ್ಮನಿಯಲ್ಲಿ ಕಾರ್ಖಾನೆಯೊಳಗೆ ಅಪ್ರೆಂಟಿಸರಿಗೆ ಕಲಿಸುವವರೂ ಬೋಧನಾ ಅರ್ಹತೆಯ ಪರೀಕ್ಷೆ ಬರೆಯಬೇಕೆಂಬ ಕಟ್ಟಳೆ 1972ರಿಂದ ಇದೆ. 2003ರಲ್ಲಿ ಅದನ್ನು ಸಡಿಲಿಸಿ, 2009ರಲ್ಲಿ ಮತ್ತೆ ಜಾರಿಗೆ ತಂದರು. ಕಸುಬು ಬಂದರೆ ಸಾಕು, ಕಲಿಸುವುದು ತಾನೇ ಬರುತ್ತದೆ ಎಂಬ ವಾದ ಅಲ್ಲಿಯೂ ನಿಲ್ಲಲಿಲ್ಲ.

ಪ್ರಮಾಣಪತ್ರ ಹಿಡಿದು ಬಂದವರನ್ನು ಐಟಿಐ ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದು ಮುಂದಿನ ಮಾತು. ವ್ಯವಸ್ಥೆ ಸೊರಗಿರುವುದು ಇಲ್ಲಿಯೇ. ಕರ್ನಾಟಕದ ಸರ್ಕಾರಿ ಐಟಿಐಗಳಲ್ಲಿ ಬೋಧಕರ ಹುದ್ದೆಗೆ ಕಿರಿಯ ತರಬೇತಿ ಅಧಿಕಾರಿ ಎಂದು ಹೆಸರು. ಸರ್ಕಾರಿ ಇರಲಿ ಖಾಸಗಿ ಇರಲಿ, ಹೊಸಬರ ಮೊದಲ ದಿನ ಸಾಮಾನ್ಯವಾಗಿ ಚಾರ್ಜ್ ತೆಗೆದುಕೊಳ್ಳುವುದರಲ್ಲಿ ಕಳೆಯುತ್ತದೆ: ಸ್ಟಾಕ್ ರಿಜಿಸ್ಟರ್, ಬೀರುವಿನ ಬೀಗದ ಕೈ, ಹಾಜರಿ ಪುಸ್ತಕ. ಮರುದಿನ ಇಪ್ಪತ್ತು ಹುಡುಗರು ಎದುರು ನಿಂತಿರುತ್ತಾರೆ.

ಚೆನ್ನಾಗಿ ಯೋಜಿಸಿದ ಪ್ರವೇಶ ತರಬೇತಿ ಬೇರೆ ರೀತಿ ನಡೆಯುತ್ತದೆ. ಮೊದಲ ವಾರ ಪಾಠವಿಲ್ಲ. ಯಾವ ಯಂತ್ರ ಹೇಗಿದೆ, ಮೇನ್ ಸ್ವಿಚ್ ಎಲ್ಲಿದೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಏನಿದೆ, ಗಾಯವಾದರೆ ಯಾವ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಹೊಸಬರು ಸ್ವತಃ ನೋಡಿ ಬರೆದಿಟ್ಟುಕೊಳ್ಳಬೇಕು. ಮೊದಲ ತಿಂಗಳು ಅದೇ ಟ್ರೇಡಿನ ಹಿರಿಯ ಬೋಧಕರ ಜೊತೆ ಯೂನಿಟ್ ಹಂಚಿಕೊಳ್ಳಬೇಕು. ಮೊದಮೊದಲು ಹಿರಿಯರು ಡೆಮೊ ಕೊಟ್ಟರೆ ಹೊಸಬರು ಬೆಂಚುಗಳ ನಡುವೆ ಓಡಾಡಿ ಕೈ ತಿದ್ದಬೇಕು, ಆಮೇಲೆ ಅದಲು ಬದಲು. ಮೊದಲ ಅವಧಿ ಮುಗಿಯುವವರೆಗೆ ಪರೀಕ್ಷಾ ಕೆಲಸ, ಖರೀದಿ ಸಮಿತಿ, ಕಾರ್ಯಕ್ರಮಗಳ ಹೊಣೆ ಅವರ ತಲೆಗೆ ಕಟ್ಟಬಾರದು. ನಡೆಯುವುದು ಇದಕ್ಕೆ ತದ್ವಿರುದ್ಧ. ಹೊಸಬರಿಗೆ ಬೇಡವೆನ್ನಲು ಬಾಯಿಲ್ಲವೆಂದು ಎಲ್ಲವೂ ಅವರ ಮೇಲೇ ಬೀಳುತ್ತದೆ.

ಹಿರಿಯರ ಕಡೆಗೂ ನೋಡಬೇಕು. ಜೊತೆಗಿದ್ದು ತಿದ್ದುವುದಕ್ಕೆ ವೇಳಾಪಟ್ಟಿಯಲ್ಲಿ ಸಮಯ ಕೊಡದಿದ್ದರೆ ಮಾರ್ಗದರ್ಶಕ ಎಂಬ ಹೆಸರು ಕಾಗದದಲ್ಲಿ ಉಳಿಯುತ್ತದೆ. ಪಾಠ ನೋಡಲು ಬಂದವರು ಆ ದಿನವೇ ಕುಳಿತು ಮಾತಾಡಬೇಕು, ಮತ್ತು ಆ ಮಾತು ಸೇವಾ ಕಡತಕ್ಕೆ ಹೋಗಬಾರದು. ತಪ್ಪು ಕಡತ ಸೇರುತ್ತದೆಂದು ಗೊತ್ತಾದರೆ ಯಾರೂ ತಮ್ಮ ತೊಡಕು ಬಾಯಿಬಿಡುವುದಿಲ್ಲ.

ಭಾಷೆಯದು ಇನ್ನೊಂದು ತೊಡಕು. ಐಟಿಐಗೆ ಬರುವ ಅನೇಕರು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದಿದವರು. ಉಪಕರಣ, ನಕ್ಷೆ, ಕೈಪಿಡಿಗಳ ಹೆಸರುಗಳೆಲ್ಲ ಇಂಗ್ಲಿಷಿನವು. ವರ್ನಿಯರ್, ಟಾಲರೆನ್ಸ್ ಎಂಬ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡು ವಿವರಣೆಯನ್ನು ಕನ್ನಡದಲ್ಲಿ ಕೊಡುವವರ ಪಾಠ ಹುಡುಗರಿಗೆ ಹತ್ತುತ್ತದೆ.

ಪ್ರವೇಶ ತರಬೇತಿ ಮುಗಿದ ಮೇಲೆಯೂ ಕಲಿಕೆ ನಿಲ್ಲುವಂತಿಲ್ಲ, ಏಕೆಂದರೆ ಯಂತ್ರಗಳು ನಿಲ್ಲುವುದಿಲ್ಲ. ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 4,600 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಫೈಲ್ ಹಿಡಿದು ಕಲಿಸುತ್ತಿದ್ದವರು ಸಿಎನ್‌ಸಿ, ರೋಬಾಟ್, ವಿದ್ಯುತ್ ವಾಹನಗಳ ಬಗ್ಗೆ ಹೇಳಬೇಕಾದ ಕಾಲ ಬಂತು. ಎನ್‌ಎಸ್‌ಟಿಐಗಳು ಇದಕ್ಕಾಗಿ ಅಲ್ಪಾವಧಿಯ ಪುನಶ್ಚೇತನ ತರಬೇತಿ ನಡೆಸುತ್ತವೆ. ಅಡ್ಡಿಯಾಗುವುದು ಸಣ್ಣದೊಂದು ಸಂಗತಿ: ಮೇಷ್ಟ್ರು ತರಬೇತಿಗೆ ಹೋದರೆ ಅವರ ಯೂನಿಟ್ ನೋಡಿಕೊಳ್ಳುವವರಿಲ್ಲ. ಹಾಗಾಗಿ ವರ್ಷದ ಆರಂಭದಲ್ಲೇ ಯಾರು ಯಾವಾಗ ಹೋಗಬೇಕು, ಬದಲಿಗೆ ಯಾರು ನಿಲ್ಲಬೇಕು ಎಂದು ಪ್ರಾಂಶುಪಾಲರು ಪಟ್ಟಿ ಮಾಡಿಟ್ಟರೆ ಮಾತ್ರ ಈ ತರಬೇತಿಗಳಿಗೆ ಅರ್ಥ. ತರಗತಿಯ ಉಪನ್ಯಾಸಕ್ಕಿಂತ ಹತ್ತಿರದ ಕಾರ್ಖಾನೆಯ ಶಾಪ್‌ ಫ್ಲೋರಿನಲ್ಲಿ ಕಳೆದ ಎರಡು ವಾರ ಹೆಚ್ಚು ಉಪಯುಕ್ತ. ಹೋಗಿ ಬಂದವರು ಕಲಿತದ್ದನ್ನು ಒಂದು ಹೊಸ ಜಾಬ್ ಶೀಟ್ ಆಗಿ ಬರೆದು ಸಹೋದ್ಯೋಗಿಗಳೆದುರು ಡೆಮೊ ಕೊಟ್ಟರೆ, ಆ ತರಬೇತಿ ಫಲ ಕೊಟ್ಟಿತೇ ಇಲ್ಲವೇ ಎಂಬುದು ಹಾಜರಿ ಪ್ರಮಾಣಪತ್ರಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಸಿಐಟಿಎಸ್ ಪ್ರವೇಶ ಅಖಿಲ ಭಾರತ ಮಟ್ಟದಲ್ಲಿ ನಡೆಯುತ್ತದೆ; ತರಬೇತಿ ಮಹಾನಿರ್ದೇಶನಾಲಯ ಇದಕ್ಕೆ ಪ್ರಕಟಣೆ ಹೊರಡಿಸುತ್ತದೆ. ಐಟಿಐ ಪಾಸಾದವರೂ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಪದವಿ ಪಡೆದವರೂ ತಮ್ಮ ಟ್ರೇಡಿಗೆ ಅರ್ಜಿ ಹಾಕಬಹುದು. ಕಸುಬು ಕೈಗೆ ಹತ್ತಿದ್ದು, ಅದನ್ನು ಇನ್ನೊಬ್ಬರ ಕೈಗೆ ದಾಟಿಸುವ ತಾಳ್ಮೆಯೂ ಇರುವವರು ತುಮಕೂರು ರಸ್ತೆಯ ಅಥವಾ ಹೊಸೂರು ರಸ್ತೆಯ ಸಂಸ್ಥೆಯಲ್ಲಿ ವಿಚಾರಿಸಬಹುದು.